ಹೆರಿಗೆಯ ನಂತರ ತೂಕ ಇಳಿಸಿಕೊಂಡರೆ ಮನಸ್ಸು ಸರಿಹೋಗುತ್ತದೆಯೇ?

ನನಗೆ ಸರಿಹೋಗಲಿಲ್ಲ. ಕಿಲೋಗಳು ಇಳಿದವು, ಮನಸ್ಸು ಅದಕ್ಕಿಂತ ಬೇಗ ಇಳಿಯಿತು. ಮಗುವಿಗೆ ಐದು ತಿಂಗಳು, ಕಾರಣವಿಲ್ಲದೆ ಅಳು ಬರುತ್ತದೆ, ಹೊಟ್ಟೆ ಹಾಗೆಯೇ ಉಳಿದಿದೆ, ಜಿಮ್ ಸೇರಲೇ ಯೋಗ ಮಾಡಲೇ ಎಂದು ಕೇಳಿದ್ದೀರಿ. ಅಳುವನ್ನೂ ಹೊಟ್ಟೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ನಾನೂ ಹಾಗೆಯೇ ಹೇಳುತ್ತಿದ್ದೆ. ಕೇಳಿಸಿಕೊಂಡವರೆಲ್ಲ ಹೊಟ್ಟೆಗೆ ಮದ್ದು ಹೇಳಿದರು, ಅಳುವಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನನ್ನದು ಸಿಸೇರಿಯನ್ ಹೆರಿಗೆ. ಬಾಣಂತನ ಧಾರವಾಡದ ತವರುಮನೆಯಲ್ಲಿ ನಡೆಯಿತು. ಎಣ್ಣೆ ಹಚ್ಚಿ ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಅಂಟಿನುಂಡೆ, ಸಂಜೆ ಲೋಬಾನದ ಹೊಗೆ, ಎಲ್ಲವೂ ಪದ್ಧತಿಯಂತೆ ಆಯಿತು. ಈಗ ಬಾಣಂತನವನ್ನು ಹಳೆಯ ಕಟ್ಟುಪಾಡು ಎಂದು ತಳ್ಳಿಹಾಕುವವರು ಬಹಳ. ನಾನು ಒಪ್ಪುವುದಿಲ್ಲ. ಆ ದಿನಗಳಲ್ಲಿ ನನಗೆ ನಿದ್ದೆ ಸಿಕ್ಕಿತು, ಬಿಸಿ ಊಟ ಸಿಕ್ಕಿತು, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಅವ್ವ ಇದ್ದಳು. ಕಷ್ಟ ಶುರುವಾದದ್ದು ಮಗುವಿನೊಂದಿಗೆ ಹುಬ್ಬಳ್ಳಿಯ ಗಂಡನ ಮನೆಗೆ ಬಂದ ಮೇಲೆ. ಅಲ್ಲಿ ಯಾರೂ ಕೆಟ್ಟವರಲ್ಲ. ಅತ್ತೆಗೆ ಮಂಡಿನೋವು, ಯಜಮಾನರು ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವರು. ತವರಿನಲ್ಲಿ ನಾಲ್ಕು ಜನ ಹಂಚಿಕೊಂಡಿದ್ದ ಕೆಲಸ ಒಮ್ಮೆಲೇ ನನ್ನೊಬ್ಬಳ ಪಾಲಿಗೆ ಬಂತು. ಕೆಲವೇ ವಾರಗಳಲ್ಲಿ, ಸಂಜೆಯಾದರೆ ಗಂಟಲು ಕಟ್ಟುವುದು, ಮಗು ಮಲಗಿದ ಮೇಲೂ ಎದೆ ಹೊಡೆದುಕೊಳ್ಳುವುದು, ಮಗುವಿನ ಮುಖ ನೋಡಿದರೂ ಏನೂ ಅನ್ನಿಸದಿರುವುದು ಶುರುವಾಯಿತು. ಕೊನೆಯದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಯಾವ ತಾಯಿ ಹೇಳುತ್ತಾಳೆ?

ಆ ಹೊತ್ತಿನಲ್ಲಿ ಒಂದು ಕುಬಸಕ್ಕೆ ಹೋಗಿದ್ದೆ. ನೆಂಟರೊಬ್ಬರು, ‘ಹೊಟ್ಟೆ ಇನ್ನೂ ಇಳಿದೇ ಇಲ್ಲವಲ್ಲ’ ಎಂದರು. ಆ ಮಾತಿನಿಂದ ನೋವಾಯಿತು, ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ನನಗೇನಾಗಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಕಾರಣವೊಂದು ಸಿಕ್ಕಿತ್ತು. ಹೊಟ್ಟೆ ಇಳಿದರೆ ಹಳೆಯ ನಾನು ಸಿಗುತ್ತೇನೆ ಎಂದು ನಂಬಿದೆ. ಮರುದಿನವೇ ತೂಕದ ಯಂತ್ರ ತರಿಸಿದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ತಪ್ಪೆಂದು ಕಾಣುವುದೇ ಇಲ್ಲ. ನಡೆಯಲು ಹೋದದ್ದು ತಪ್ಪಲ್ಲ. ಉಣಕಲ್ ಕೆರೆಯ ದಂಡೆಯಲ್ಲಿ ಮೊದಮೊದಲು ನಡೆದಾಗ ನಿಜಕ್ಕೂ ಹಗುರವೆನಿಸಿತ್ತು. ಮನೆಗೆ ಬಂದು ಚಹಾ ಕುಡಿಯುತ್ತ ಮಗುವಿನ ಜೊತೆ ಮಾತಾಡಿದ್ದೂ ನೆನಪಿದೆ. ವ್ಯಾಯಾಮ ಮನಸ್ಸಿಗೆ ಮಾಡುವ ಉಪಕಾರ ಅದೇ, ಅದು ಆಗಲೇ ಕೈಗೆ ಬಂದಿತ್ತು. ಅದನ್ನು ನಾನು ಲೆಕ್ಕಕ್ಕೇ ಇಡಲಿಲ್ಲ. ನಡೆದು ಬಂದವಳೇ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ಅಂಕಿ ಇಳಿದಿದ್ದರೆ ಆ ದಿನ ಒಳ್ಳೆಯದು, ಇಲ್ಲದಿದ್ದರೆ ನಡೆದದ್ದೆಲ್ಲ ದಂಡ. ಕುಡಿದ ನೀರು, ತಿಂದ ಉಪ್ಪು, ಎದೆಯಲ್ಲಿ ತುಂಬಿದ ಹಾಲು, ಇವುಗಳಿಂದಲೇ ತೂಕ ಒಂದೇ ದಿನದಲ್ಲಿ ಒಂದು ಕಿಲೋವರೆಗೆ ಹೆಚ್ಚುಕಡಿಮೆ ಆಗುತ್ತದೆ. ಅಂತಹ ಅಂಕಿಯ ಕೈಗೆ ನನ್ನ ಇಡೀ ದಿನದ ಸಂತೋಷವನ್ನು ಒಪ್ಪಿಸಿಬಿಟ್ಟಿದ್ದೆ. ಅರ್ಧ ಗಂಟೆ ನಡೆದು ಗಳಿಸಿದ ನೆಮ್ಮದಿಯನ್ನು ಯಂತ್ರ ಅರೆಕ್ಷಣದಲ್ಲಿ ಕಸಿದುಕೊಳ್ಳುತ್ತಿತ್ತು.

ಅಲ್ಲಿಗೂ ನಿಲ್ಲಲಿಲ್ಲ. ನಡಿಗೆಯಿಂದ ಅಂಕಿ ಬೇಗ ಇಳಿಯುತ್ತಿಲ್ಲವೆಂದು ನಡಿಗೆಯನ್ನು ಬಿಟ್ಟು ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ಕೋಣೆಯಲ್ಲಿ ಹೊಟ್ಟೆಯ ಕಸರತ್ತು ಶುರುಮಾಡಿದೆ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಎರಡೂ ಬದಿಗೆ ಸರಿದಿರುತ್ತವೆ, ಅವು ಕೂಡುವ ಮೊದಲೇ ಅಂಗಾತ ಮಲಗಿ ಏಳುವ ಕಸರತ್ತು ಮಾಡಿದರೆ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಸೊಂಟ ಹಿಡಿಯಿತು. ಬಿಸಿಲು, ಗಾಳಿ, ಎದುರಿಗೆ ಸಿಗುವವರ ನಾಲ್ಕು ಮಾತು, ಇಷ್ಟೂ ಹೋದವು. ಆಮೇಲೆ ರಾತ್ರಿಯ ರೊಟ್ಟಿ ಬಿಟ್ಟೆ. ಎದೆಹಾಲು ಕುಡಿಸುವ ತಾಯಿಗೆ ಮೊದಲ ಆರು ತಿಂಗಳಲ್ಲಿ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನಾನು ಇದ್ದುದನ್ನೂ ಕಡಿಮೆ ಮಾಡಿದೆ.

ತೂಕ ಇಳಿಯತೊಡಗಿತು. ಕಸರತ್ತಿನಿಂದ ಇಳಿಯಿತೆಂದು ಎಲ್ಲರೂ ತಿಳಿದರು, ನಾನೂ ಹಾಗೆಯೇ ತಿಳಿದೆ. ನಿಜವಾಗಿ ನನಗೆ ಹಸಿವೇ ಸತ್ತುಹೋಗಿತ್ತು. ಹಸಿವು ಸಾಯುವುದು, ನಿದ್ದೆ ಕೆಡುವುದು, ತೂಕ ಇಳಿಯುವುದು ಖಿನ್ನತೆಯ ಲಕ್ಷಣಗಳು. ಆದರೆ ಮದುವೆ, ಮುಂಜಿವೆಗಳಲ್ಲಿ ಹೆಂಗಸರು ಹತ್ತಿರ ಕರೆದು, ‘ಎಷ್ಟು ಚೆನ್ನಾಗಿ ಇಳಿದಿದ್ದೀಯ, ಏನು ಮಾಡಿದೆ?’ ಎಂದು ಕೇಳುತ್ತಿದ್ದರು. ನನ್ನ ಕಾಯಿಲೆಗೆ ನನಗೇ ಶಾಬಾಸ್‌ಗಿರಿ ಸಿಗುತ್ತಿತ್ತು. ಹೊಗಳಿಸಿಕೊಳ್ಳುತ್ತಿರುವವಳು ವೈದ್ಯರ ಬಳಿ ಏಕೆ ಹೋದಾಳು? ನಿಮ್ಮ ಪ್ರಶ್ನೆ ಓದಿದಾಗ ನನಗೆ ಭಯವಾದದ್ದು ಇದಕ್ಕೇ. ನೀವು ಪ್ರಯತ್ನದಲ್ಲಿ ಸೋಲುತ್ತೀರಿ ಎಂಬ ಭಯವಲ್ಲ. ತೂಕ ಇಳಿಸುವುದರಲ್ಲಿ ಗೆದ್ದುಬಿಟ್ಟರೆ ನಿಮ್ಮ ಅಳು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ನನ್ನನ್ನು ಹಿಡಿದದ್ದು ದಡಾರ-ರುಬೆಲ್ಲಾ ಲಸಿಕೆಯ ದಿನ. ಮಗುವಿಗೆ ಒಂಬತ್ತು ತಿಂಗಳು ತುಂಬಿತ್ತು. ಲಸಿಕೆ ಹಾಕಿದ ಸಿಸ್ಟರ್ ಮಗುವನ್ನು ನನ್ನ ಕೈಗೆ ಕೊಡುತ್ತ, ‘ಇವನು ಮಲಗಿದಾಗ ನಿಮಗೆ ನಿದ್ದೆ ಬರುತ್ತದೆಯೇ?’ ಎಂದು ಕೇಳಿದರು. ಮಗು ಮಲಗಲು ಬಿಡುವುದಿಲ್ಲ ಎಂದು ಎಲ್ಲ ತಾಯಂದಿರೂ ಹೇಳುತ್ತಾರೆ. ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ ಅದು ಬೇರೆ ವಿಷಯ. ನಾನು ಅಲ್ಲಿಯೇ ಅತ್ತುಬಿಟ್ಟೆ. ಅವರೇ ವೈದ್ಯರ ಬಳಿ ಕಳುಹಿಸಿದರು. ಅಲ್ಲಿ ಹತ್ತು ಪ್ರಶ್ನೆಗಳ ಕಾಗದ ಕೊಟ್ಟರು. ಎಡಿನ್‌ಬರೋ ಪ್ರಶ್ನಾವಳಿ ಎನ್ನುತ್ತಾರೆ, 1987ರಲ್ಲಿ ರೂಪುಗೊಂಡದ್ದು, ಬಾಣಂತಿಯರಲ್ಲಿ ಖಿನ್ನತೆ ಇದೆಯೇ ಎಂದು ಗುರುತಿಸಲು ಜಗತ್ತಿನಾದ್ಯಂತ ಬಳಸುತ್ತಾರೆ. ಕಳೆದ ಏಳು ದಿನ ಹೇಗಿದ್ದಿರಿ ಎಂಬುದಷ್ಟೇ ಅದರಲ್ಲಿರುವುದು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅದಕ್ಕೆ ‘ಇಲ್ಲ’ ಎಂದು ಗುರುತು ಹಾಕಲು ನನ್ನಿಂದ ಆಗಲಿಲ್ಲ.

ರಕ್ತವನ್ನೂ ಪರೀಕ್ಷಿಸಿದರು. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಬಹಳ ಕಡಿಮೆ ಇತ್ತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಬಾಣಂತಿಗೆ ‘ಸೋಮಾರಿ, ಎದ್ದು ವ್ಯಾಯಾಮ ಮಾಡು’ ಎಂದು ಹೇಳುವವರು ಮೊದಲು ಈ ಪರೀಕ್ಷೆ ಮಾಡಿಸಲಿ. ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ, ಎದೆಬಡಿತ ಬರುತ್ತವೆ, ಹೆರಿಗೆಯ ನಂತರ ಅದು ಅಪರೂಪವೇನಲ್ಲ.

ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಹಾಲು ಕುಡಿಸುವಾಗಲೂ ತೆಗೆದುಕೊಳ್ಳಬಹುದಾದ ಖಿನ್ನತೆಯ ಮಾತ್ರೆ ಬರೆದರು, ಆಪ್ತ ಸಮಾಲೋಚಕರ ಬಳಿ ಕಳುಹಿಸಿದರು. ಜೊತೆಗೆ, ‘ನಡೆಯಿರಿ, ಆದರೆ ತೂಕ ನೋಡುವಂತಿಲ್ಲ’ ಎಂದರು. ಯಂತ್ರವನ್ನು ಯಜಮಾನರು ತಮ್ಮ ಗೆಳೆಯನ ಮನೆಗೆ ಕೊಟ್ಟು ಬಂದರು. ಒಬ್ಬಳೇ ಹೋಗಬಾರದು ಎಂಬುದು ಇನ್ನೊಂದು ಷರತ್ತು. ಪಕ್ಕದ ಮನೆಯ ವೈನಿ ಜೊತೆಯಾದರು. ವೇಗ ಎಷ್ಟಿರಬೇಕೆಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಗಡಿಯಾರ, ಹೆಜ್ಜೆ ಎಣಿಸುವ ಪಟ್ಟಿ ಯಾವುದೂ ಬೇಕಾಗಲಿಲ್ಲ.

ಬದಲಾವಣೆ ನಿಧಾನವಾಗಿ ಬಂತು. ಎಲ್ಲಕ್ಕಿಂತ ಮೊದಲು ಕಡಿಮೆಯಾದದ್ದು ರಾತ್ರಿಯ ಎದೆಬಡಿತದ ಭಯ. ಏರು ಹತ್ತುವಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ವೈನಿಯೊಂದಿಗೆ ಮಾತಾಡುತ್ತ ನಿಂತರೆ ತಾನಾಗಿಯೇ ಇಳಿಯುತ್ತಿತ್ತು. ದಿನವೂ ಹೀಗಾಗುತ್ತ, ಎದೆ ಹೊಡೆದುಕೊಂಡ ಮಾತ್ರಕ್ಕೆ ಏನೋ ಅನಾಹುತ ಆಗುವುದಿಲ್ಲ ಎಂಬುದನ್ನು ದೇಹ ಕಲಿಯಿತು. ಆತಂಕದ ಕಾಯಿಲೆಯ ಚಿಕಿತ್ಸೆಯಲ್ಲಿ ಇದನ್ನು ಬೇಕೆಂದೇ ಅಭ್ಯಾಸ ಮಾಡಿಸುವುದುಂಟು ಎಂದು ಸಮಾಲೋಚಕರು ಆಮೇಲೆ ತಿಳಿಸಿದರು. ನಂತರ ನಿದ್ದೆ ಸುಧಾರಿಸಿತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹಕ್ಕೆ ಹಗಲು ರಾತ್ರಿಗಳ ಲಯ ಮತ್ತೆ ಸಿಗುತ್ತದೆ. ಮಗುವಿನ ಮೇಲಿನ ಪ್ರೀತಿ ಯಾವ ದಿನ ಬಂತೆಂದು ಹೇಳಲಾರೆ. ಒಂದು ದಿನ ಅವನ ನಗು ನೋಡಿ ನಾನೂ ನಕ್ಕಿದ್ದನ್ನು ಅತ್ತೆ ಗಮನಿಸಿ ಹೇಳಿದರು.

ವ್ಯಾಯಾಮದಿಂದ ಖಿನ್ನತೆ ಕಡಿಮೆಯಾಗುತ್ತದೆ ಎಂಬುದು ಬರೀ ನನ್ನ ಅನುಭವವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ವರ್ಷ ದಾಟಿದ 156 ಖಿನ್ನತೆಯ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಮಾತ್ರೆ, ಒಂದಕ್ಕೆ ಎರಡನ್ನೂ ಕೊಟ್ಟರು. ಮಾತ್ರೆಯ ಗುಣ ಮೊದಲು ಕಂಡಿತು, 16 ವಾರಗಳ ಹೊತ್ತಿಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. 2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆ 218 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವ ವ್ಯಾಯಾಮ, ಇವೆಲ್ಲ ಖಿನ್ನತೆಯನ್ನು ತಗ್ಗಿಸುತ್ತವೆ ಎಂದು ಕಂಡುಬಂತು. ಇವುಗಳಲ್ಲಿ ಅಳೆದದ್ದು ಖಿನ್ನತೆಯನ್ನು, ಸೊಂಟದ ಸುತ್ತಳತೆಯನ್ನಲ್ಲ. ಒಂದು ಸಲ ನಡೆದು ಬಂದರೂ ಆ ಹೊತ್ತಿಗೆ ಮನಸ್ಸು ತುಸು ತಿಳಿಯಾಗುತ್ತದೆ. ಅಷ್ಟು ಹೊತ್ತಿನಲ್ಲಿ ಕಣ್ಣಿಗೆ ಕಾಣುವಷ್ಟು ಕೊಬ್ಬೇನೂ ಕರಗಿರುವುದಿಲ್ಲ. ಹಾಗೆಂದು ಡ್ಯೂಕ್ ಅಧ್ಯಯನವನ್ನು ತೋರಿಸಿ ಬಾಣಂತಿಗೆ ಮಾತ್ರೆ ಬೇಡ ಎನ್ನುವವರ ಮಾತು ಕೇಳಬೇಡಿ. ಅದರಲ್ಲಿದ್ದವರು ರಾತ್ರಿಯಿಡೀ ಹಾಲು ಕುಡಿಸುತ್ತಿದ್ದವರಲ್ಲ.

ಜಿಮ್ಮೋ ಯೋಗವೋ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಏಕೆಂದರೆ ಅದು ಈಗಿನ ಪ್ರಶ್ನೆಯೇ ಅಲ್ಲ. ಆ ಅರ್ಧ ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ಮನೆಯಲ್ಲಿ ತೀರ್ಮಾನಿಸಿ. ನಮ್ಮ ಮನೆಯಲ್ಲಿ ಯಜಮಾನರು ಬೆಳಗಿನ ಹೊತ್ತನ್ನು ವಹಿಸಿಕೊಂಡರು. ‘ಸಹಾಯ ಮಾಡುತ್ತೇನೆ’ ಎಂಬ ಮಾತಿಗೆ ನಾನು ಒಪ್ಪಲಿಲ್ಲ, ಆ ಹೊತ್ತು ಮಗು ಪೂರ್ತಿ ಅವರದೇ ಜವಾಬ್ದಾರಿ. ಅದು ಗಟ್ಟಿಯಾಗದೆ ಜಿಮ್‌ಗೆ ಮುಂಗಡ ಹಣ ಕಟ್ಟಿದರೆ, ಹೋಗಲಾಗದ ಪ್ರತಿ ದಿನವೂ ನಿಮ್ಮನ್ನೇ ನೀವು ಬೈದುಕೊಳ್ಳುತ್ತೀರಿ. ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿಯೂ ಸದ್ಯಕ್ಕೆ ಬೇಡ. ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಲೇಸು ಎಂದು ಅದೇ ಸಂಸ್ಥೆ ಹೇಳಿದೆ. ವ್ಯಾಯಾಮ ಮಾಡಿದರೆ ಹಾಲು ಕೆಡುತ್ತದೆ ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆಂದು ಬರೆದಿದ್ದೀರಿ. ಅವರೊಂದಿಗೆ ವಾದಕ್ಕಿಳಿಯಬೇಡಿ. ಹದವಾಗಿ ನಡೆಯುವುದರಿಂದ ಹಾಲು ಕೆಡುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂಬುದನ್ನು ವೈದ್ಯರ ಬಾಯಿಂದಲೇ ಅವರಿಗೆ ಕೇಳಿಸಿ. ಹಾಲು ಕುಡಿಸಿ ಹೊರಟರೆ ಎದೆ ಭಾರವೆನಿಸುವುದಿಲ್ಲ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಕಸರತ್ತು ಯಾವಾಗ ಎಂಬುದನ್ನೂ ವೈದ್ಯರನ್ನೇ ಕೇಳಿ.

ಆದರೆ ನಡಿಗೆಗೂ ಮೊದಲು, ಈ ವಾರವೇ, ನಿಮಗೆ ಹೆರಿಗೆ ಮಾಡಿಸಿದ ವೈದ್ಯರ ಬಳಿ ಹೋಗಿ. ಹೆರಿಗೆಯಾದ ಎರಡು ವಾರದೊಳಗೆ ಬಂದು ಹೋಗುವ ಅಳು ಸಾಮಾನ್ಯ. ಐದು ತಿಂಗಳಿಗೂ ಉಳಿದಿರುವ ಅಳುವನ್ನು ಪರೀಕ್ಷಿಸಲೇಬೇಕು. ಭಾರತದ 38 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ನೂರಕ್ಕೆ 22 ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡುಬಂದಿದೆ, ಆದ್ದರಿಂದ ವೈದ್ಯರಿಗೆ ನೀವು ಹೊಸಬರೇನೂ ಆಗುವುದಿಲ್ಲ. ಹೊಟ್ಟೆಯ ಮಾತನ್ನು ತೆಗೆಯಲೇಬೇಡಿ, ತಂಗಿ. ‘ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ, ದಿನವೂ ಅಳುತ್ತೇನೆ’ ಎಂದಷ್ಟೇ ಹೇಳಿ. ಸಾಯಬೇಕೆನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎನಿಸಿದರೆ, ಇಲ್ಲದ ದನಿಗಳು ಕೇಳಿಸಿದರೆ ವಾರದವರೆಗೂ ಕಾಯಬಾರದು, ಮನೆಯವರನ್ನು ಎಬ್ಬಿಸಿ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ. ಇಂದು ರಾತ್ರಿಯೇ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.