ನಾಣ್ಯ ಮಾಯವಾಗಬೇಕು, ಆದರೆ ಸಿಕ್ಕಿಬೀಳುತ್ತೇನೆ!

ಪ್ರಶ್ನೆ: ನಾಣ್ಯ ಮಾಯ ಮಾಡುವ ಕೈಚಳಕ ಕನ್ನಡಿ ಮುಂದೆ ಚೆನ್ನಾಗಿ ಬರುತ್ತದೆ. ಜನರ ಮುಂದೆ ಮಾತ್ರ ಸಿಕ್ಕಿಬೀಳುತ್ತೇನೆ. ಯಾಕೆ?

ಉತ್ತರ: ಬೆರಳಿಗಿಂತ ನಿಮ್ಮ ಕಣ್ಣೇ ಗುಟ್ಟು ಬಿಟ್ಟುಕೊಡುತ್ತಿರಬೇಕು. ನಾಣ್ಯವನ್ನು ಎಡಗೈಗೆ ಹಾಕಿದ ಹಾಗೆ ನಟಿಸಿದರೂ ಅದು ಬಲಗೈಯಲ್ಲೇ ಇದೆ ಅಂತ ನಿಮಗೆ ಗೊತ್ತು, ಅದಕ್ಕೇ ಆ ಕಡೆ ನೋಡುತ್ತೀರಿ, ಅಲ್ವಾ? ಮೊದಲು ನಿಜವಾಗಿಯೇ ನಾಣ್ಯವನ್ನು ಎಡಗೈಗೆ ಹಾಕಿ ನೋಡಿ. ಮುಷ್ಟಿ ಎಷ್ಟು ಸಡಿಲ ಇರುತ್ತದೆ, ಕಣ್ಣು ಎಲ್ಲಿಗೆ ಹೋಗುತ್ತದೆ, ಗಮನಿಸಿ. ಆಮೇಲೆ ನಾಣ್ಯವನ್ನು ಬಲಗೈಯ ನಡುಬೆರಳು, ಉಂಗುರ ಬೆರಳಿನ ಬುಡದ ಮಡಿಕೆಯಲ್ಲೇ ಹಿಡಿದಿಟ್ಟುಕೊಂಡು, ಖಾಲಿ ಎಡಗೈಯನ್ನು ಅದೇ ಥರ ಮುಚ್ಚಿ, ಅದನ್ನೇ ನೋಡುತ್ತಾ ಬಲಗೈಯನ್ನು ಸುಮ್ನೆ ಇಳಿಬಿಡಿ. ಹೆಬ್ಬೆರಳು ಸೆಟೆದು ನಿಂತರೆ ಅನುಮಾನ ಗ್ಯಾರಂಟಿ. ಮುಷ್ಟಿಯನ್ನು ತಕ್ಷಣ ಬಿಚ್ಚಬೇಡಿ. ಇನ್ನೊಮ್ಮೆ ಮಾಡಿ ಅಂದರೆ ಒಪ್ಪಲೇಬೇಡಿ, ಎರಡನೇ ಸಲ ಎಲ್ಲರೂ ಬಲಗೈಯನ್ನೇ ನೋಡುತ್ತಾರೆ.