ಬಾಡಿಗೆ ಮನೆಯ ಬಾಲ್ಕನಿಗೆ ಕಡಿಮೆ ಖರ್ಚಿನಲ್ಲಿ ಕೈಯಾರೆ ಏನು ಮಾಡಬಹುದು?

ನೀವು ಥಾಣೆಗೆ ಹೊಸಬರು, ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, 500 ರೂಪಾಯಿಯೊಳಗೆ ಮನೆಗೂ ಗಿಡಗಳ ಜಾಗಕ್ಕೂ ಏನಾದರೂ ಚಂದದ್ದು ಮಾಡಬೇಕು ಎಂದು ಕೇಳಿದ್ದೀರಿ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು, ಥಾಣೆ ಹತ್ತಿರದ ಡೊಂಬಿವಲಿಗೆ ಬಂದು 14 ವರ್ಷವಾಯಿತು. ನಮ್ಮದೂ ಮೂರಡಿ ಅಗಲದ ಬಾಲ್ಕನಿ. ಏನೇ ಮಾಡಿ, ಮಳೆಗೆ ನಿಲ್ಲುವಂಥದ್ದು ಮಾಡಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಜೊತೆ ಎರಚಲು ಹೊಡೆಯುತ್ತದೆ. ಗ್ರಿಲ್ ಒಳಗಿಟ್ಟರೂ ಸಾಮಾನು ನೆನೆಯುತ್ತದೆ.

ಮೊದಲ ವರ್ಷ ನಾನೂ ಮಗಳೂ ಸೇರಿ ಹಳೇ ಡಬ್ಬಗಳಿಗೆ ಸೆಣಬಿನ ಹುರಿ ಸುತ್ತಿ, ಬಡಗಿಗಳು ಬಳಸುವ ಬಿಳಿ ಅಂಟಿನಲ್ಲಿ ಅಂಟಿಸಿದ್ದೆವು. ನೋಡಲು ಬಹಳ ಚೆನ್ನಾಗಿತ್ತು. ಜುಲೈ ಹೊತ್ತಿಗೆ ಅಂಟು ಮತ್ತೆ ಹಾಲಿನಂತೆ ಇಳಿಯಿತು, ಹುರಿಗೆ ಬೂಷ್ಟು ಹಿಡಿಯಿತು, ಡಬ್ಬದ ತಳ ತುಕ್ಕು ಹಿಡಿದು ಹೋಯಿತು. ಮಗಳು ಎರಡು ದಿನ ಬಾಲ್ಕನಿ ಕಡೆ ಹೋಗಲಿಲ್ಲ.

ದಾರಿ ತೋರಿಸಿದ್ದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಟೆರೇಸು. ಮುಂಬೈ ಕಡೆಯ ಹಳೇ ಕಟ್ಟಡಗಳ ಟೆರೇಸ್ ನೋಡಿದ್ದೀರಾ? ಸೋರದಿರಲಿ ಎಂದು ಬಿಳಿ ಟೈಲ್ಸ್ ಚೂರುಗಳನ್ನು ಸಿಮೆಂಟಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಚೈನಾ ಮೊಸಾಯಿಕ್ ಅನ್ನುತ್ತಾರೆ. ನಮ್ಮಲ್ಲಿ ಆ ಕೆಲಸ ನಡೆಯುವಾಗ ಬಂದವರಲ್ಲಿ ಒಬ್ಬರು ಕಲಬುರಗಿಯವರು. ಉಳಿದ ಚೂರು ಕೊಡ್ತೀರಾ ಎಂದು ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಚೀಲ ಕೊಟ್ಟರು, ಒಂದು ಮಾತೂ ಹೇಳಿದರು: “ಅಕ್ಕಾರ, ಮೊದಲ ನೀರಾಗ ನೆನೆ ಹಾಕ್ರಿ. ಇಲ್ಲಂದ್ರ ಸಿಮೆಂಟಿನ ನೀರೆಲ್ಲ ಅವೇ ಕುಡೀತಾವ್ರಿ.” ಇಡೀ ಕೆಲಸದ ಗುಟ್ಟು ಅದೇ.

ಒಂದು ಕುಂಡ ಮಾಡುವ ಬಗೆ ಹೇಳುತ್ತೇನೆ. 8 ಇಂಚಿನ ಮಣ್ಣಿನ ಕುಂಡ ಸಾಕು. ಧಾರಾವಿಯ ಕುಂಭಾರವಾಡಾ ಕಡೆ ಹೋಗುವುದಿದ್ದರೆ ಕುಂಬಾರರ ಹತ್ತಿರವೇ ಕೊಳ್ಳಿ. ಟೈಲ್ಸ್ ದುಡ್ಡು ಕೊಟ್ಟು ತರಬೇಡಿ. ಅಂಗಡಿಯಲ್ಲಿ “ಭೈಯಾ, ತೂಟಾ ಹುವಾ ಟೈಲ್ ಹೈ ಕ್ಯಾ” (ಒಡೆದ ಟೈಲ್ ಇದೆಯಾ) ಎಂದು ಕೇಳಿದರೆ ಸುಮ್ನೆ ಕೊಡುವವರೇ ಜಾಸ್ತಿ. ಗೋಣಿಚೀಲದೊಳಗೆ ಹಾಕಿ ಮೇಲಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಆಗ ಚೂರು ಹಾರುವುದಿಲ್ಲ. ಆದರೂ ಕನ್ನಡಕ ಇರಲಿ. ಒಂದು ಇಂಚಿಗಿಂತ ದೊಡ್ಡ ಚೂರು ಕುಂಡದ ದುಂಡಿಗೆ ಕೂರುವುದಿಲ್ಲ, ಮೂಲೆ ಎದ್ದು ನಿಂತು ಕೈ ಕುಯ್ಯುತ್ತದೆ.

ಚೂರುಗಳನ್ನೂ ಕುಂಡವನ್ನೂ ಅರ್ಧ ಗಂಟೆ ನೆನೆಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಸಿಮೆಂಟಿನ ಒಂದು ಕೆಜಿ ಪೊಟ್ಟಣ ಸಿಗುತ್ತದೆ. ಗಟ್ಟಿ ಚಟ್ನಿಯ ಹದಕ್ಕೆ ಕಲಸಿ, ಪ್ರತಿ ಚೂರಿನ ಬೆನ್ನಿಗೆ ಹಚ್ಚಿ ಒತ್ತಿ. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು, ಸಿಮೆಂಟ್ ಚರ್ಮ ಸುಡುತ್ತದೆ. ಚೂರುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಡಿ, ತಳದ ತೂತು ಮುಚ್ಚಬೇಡಿ. ಒಂದು ದಿನ ಹಾಗೇ ಬಿಡಿ. ಮಾರನೇ ದಿನ ಪೊಟ್ಟಣದಲ್ಲಿ ಉಳಿದ ಸಿಮೆಂಟಿಗೆ ಸ್ವಲ್ಪ ರೆಡ್ ಆಕ್ಸೈಡ್ (ನೆಲಕ್ಕೆ ಹಾಕುವ ಕೆಂಪು ಪುಡಿ) ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿ ಸಂದುಗಳಿಗೆ ತುಂಬಿ. ಕಾಲು ಗಂಟೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಗ ಬಿಳಿ ಚೂರುಗಳ ನಡುವೆ ಕೆಂಪು ಗೆರೆ ಏಳುತ್ತದಲ್ಲ, ಅಜ್ಜಿ ಮನೆಯ ಕೆಂಪು ನೆಲ ನೆನಪಾಗುತ್ತದೆ. ಇನ್ನು ಮೂರು ದಿನ ಒದ್ದೆ ಗೋಣಿ ಸುತ್ತಿಡಿ. ಬೇಗ ಒಣಗಿದರೆ ಸಿಮೆಂಟ್ ಬಿರುಕು ಬಿಡುತ್ತದೆ. ನಾನು ಮಾಡಿದ ಮೊದಲ ಕುಂಡ ಆರು ಮಳೆಗಾಲ ಕಂಡಿದೆ. ಒಂದೇ ಒಂದು ಚೂರು ಬಿದ್ದಿದೆ.

ಗಾಜಿನ ಬಳೆ ಚೂರನ್ನೂ ನಡುವೆ ಕೂರಿಸಬಹುದು. ನಮ್ಮಲ್ಲಿ ಬಳೆ ಒಡೆಯಿತು ಅನ್ನದೆ ‘ಹೆಚ್ಚಿತು’ ಅನ್ನುತ್ತಾರೆ, ಇಲ್ಲಿ ಮರಾಠಿಯವರೂ ‘ವಾಢವಲಿ’ ಅನ್ನುತ್ತಾರೆ. ಹೆಚ್ಚಿದ ಬಳೆಯನ್ನು ನಾನು ಡಬ್ಬದಲ್ಲಿ ಎತ್ತಿಡುತ್ತೇನೆ. ನೇಕ್ ಚಂದ್ ಅವರು ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ಬಳೆ ಚೂರುಗಳಿಂದಲೇ ಸಾಲು ಸಾಲು ಬೊಂಬೆ ಮಾಡಿದ್ದಾರೆ. ಆ ತೋಟವನ್ನು ಜನರಿಗೆ ತೆರೆದದ್ದು 1976ರಲ್ಲಿ. ಬಯಲಲ್ಲೇ ನಿಂತಿವೆ ಆ ಬೊಂಬೆಗಳು.

ಮನೆಯೊಳಗೆ ಮಳೆಯ ಹೆದರಿಕೆಯಿಲ್ಲ. ಅಲ್ಲಿ ಹಳೇ ಬಿದಿರಿನ ಮೊರ ತೆಗೆದುಕೊಳ್ಳಿ. ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ನೀರಲ್ಲಿ ಗೆರೆ ಎಳೆಯಿರಿ. ಕೆಮ್ಮಣ್ಣು ಇಲ್ಲಿನ ಅಂಗಡಿಗಳಲ್ಲಿ ‘ಗೇರೂ’ ಅಂದರೆ ಸಿಗುತ್ತದೆ. ನಮ್ಮ ಕಡೆ ದೀವರ ಮನೆಗಳಲ್ಲಿ ಪುಂಡಿನಾರಿನ ಕುಂಚದಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವುದೂ ಹೀಗೇ. ಡಹಾಣು ಕಡೆಯ ವಾರ್ಲಿ ಆದಿವಾಸಿಗಳ ಚಿತ್ರದಲ್ಲೂ ಅದೇ ಕೆಂಪು, ಅದೇ ಅಕ್ಕಿಯ ಬಿಳಿ. ಮೊಳೆ ಹೊಡೆಯುವುದು ಬೇಡ, ಶೆಲ್ಫಿನ ಮೇಲೆ ಗೋಡೆಗೆ ಒರಗಿಸಿಟ್ಟರೆ ಆಯಿತು.

ಸಣ್ಣ ಗಿಡಕ್ಕೆ ತೆಂಗಿನ ಕರಟ ಸಾಕು. ಕಣ್ಣಿರುವ ಅರ್ಧವನ್ನೇ ಇಟ್ಟುಕೊಳ್ಳಿ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಮೊಳೆಯಲ್ಲಿ ಚುಚ್ಚಿದರೆ ನೀರು ಬಸಿಯಲು ತೂತಾಯಿತು. ಕರಟ ಒಂದೆರಡು ಮಳೆಗಾಲಕ್ಕೆ ಕೊಳೆತು ಲಡ್ಡಾಗುತ್ತದೆ. ಪುಕ್ಕಟೆ ತಾನೇ, ಹೊಸದು ಇಡಿ.

ಎರಡು ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ಕುಂಡವನ್ನು ಗ್ರಿಲ್ ಹೊರಗಾಗಲಿ ಕಟ್ಟೆ ಮೇಲಾಗಲಿ ಇಡಬೇಡಿ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಇನ್ನು ತಟ್ಟೆ, ಬಾಟಲಿ, ಕರಟ ಯಾವುದರಲ್ಲೂ ನೀರು ನಿಲ್ಲಬಾರದು. ಡೆಂಗಿ ಸೊಳ್ಳೆ ಅಂಥ ತಿಳಿ ನೀರಿನಲ್ಲೇ ಮೊಟ್ಟೆ ಇಡುವುದು, ಒಂದು ವಾರದಲ್ಲಿ ಮರಿ ಸೊಳ್ಳೆ ಹಾರುತ್ತದೆ. ನಾನು ಪ್ರತಿ ಭಾನುವಾರ ಎಲ್ಲ ತಟ್ಟೆ ಬೋರಲು ಹಾಕುತ್ತೇನೆ.

ಮೇ ಒಳಗೆ ಒಂದು ಕುಂಡ ಮಾಡಿ ಮುಗಿಸಿ. ಸಂದು ತುಂಬುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ಹೇಳುತ್ತೇನೆ.