ರಕ್ತ ಕ್ಯಾನ್ಸರ್ ಗುಳಿಗೆ: ಆರಾಮ ಇದ್ದೀನಿ ಅಂತ ನಡುವೆ ಬಿಡಬಹುದೇ?

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕು. ಅಪ್ಪನಿಗೆ 56 ವರ್ಷ, ಒಕ್ಕಲುತನ ಮಾಡುತ್ತಾರೆ. ಹೋದ ವರ್ಷ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಇಮ್ಯಾಟಿನಿಬ್ 400 ಮಿ.ಗ್ರಾಂ ಗುಳಿಗೆ ದಿನಕ್ಕೊಂದು ಬರೆದುಕೊಟ್ಟಿದ್ದಾರೆ. ಈಗ "ನಾನು ಆರಾಮ ಇದ್ದೀನಿ, ದಿನಾ ಯಾಕೆ?" ಎಂದು ತಿಂಗಳ ಗುಳಿಗೆಯನ್ನು 40 ದಿನ ಎಳೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಂತಿ ಆಗುತ್ತದೆ. ಬೆಳಿಗ್ಗೆ ಕಣ್ಣ ಸುತ್ತ ಬಾವು, ರಾತ್ರಿ ಮೀನಖಂಡ ಹಿಡಿಯುತ್ತದೆ. ಊರಲ್ಲೊಬ್ಬರು ಕಷಾಯ ಕೊಡುತ್ತೇನೆ ಅಂತಾರೆ. ಶ್ರಾವಣ ಸೋಮವಾರ ಉಪವಾಸವೂ ಇದೆ. ಬೇಸಿಗೆಯ ಬಿಸಿಲಿಗೆ ಗುಳಿಗೆ ಕೆಡುತ್ತದೆಯೇ? ಏನು ಮಾಡಬೇಕು?

ಉತ್ತರ (ರಕ್ತ ಕ್ಯಾನ್ಸರ್ ತಜ್ಞರು, ಕಲಬುರಗಿ): ತಂಗಿ, ನೀವು ಕೇಳಿದ್ದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ವಾಂತಿಯಲ್ಲ, ಬಾವೂ ಅಲ್ಲ. ಆ 40 ದಿನದ ಲೆಕ್ಕ. ಅದರಿಂದಲೇ ಶುರು ಮಾಡುತ್ತೇನೆ.

ಅಪ್ಪನ ಮೂಳೆಯ ಮಜ್ಜೆಯ ಕೆಲವು ಕಣಗಳಲ್ಲಿ 9ನೇ ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿವೆ. ಅದರಿಂದ ಬಿಸಿಆರ್-ಏಬಿಎಲ್ ಎಂಬ ಹೊಸ ಪ್ರೋಟೀನು ಹುಟ್ಟಿದೆ. ಕಾರಂಜಾ ಕಾಲುವೆಯ ತೂಬು ಮುಚ್ಚದೇ ಉಳಿದರೆ ಹೊಲ ಏನಾಗುತ್ತದೆ? ಹಾಗೆಯೇ ಈ ಪ್ರೋಟೀನು ಬಿಳಿ ರಕ್ತಕಣಗಳನ್ನು ಬಿಡುವಿಲ್ಲದೆ ಹುಟ್ಟಿಸುತ್ತದೆ. ಇಮ್ಯಾಟಿನಿಬ್ ಹೋಗಿ ಆ ತೂಬನ್ನು ಮುಚ್ಚುತ್ತದೆ. ಆದರೆ ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿರುವ ಗುಳಿಗೆಯ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದಿನಾ ಬೇಕು. ಅಪ್ಪ ಆರಾಮ ಇರುವುದೇ ಗುಳಿಗೆಯಿಂದ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಇದನ್ನು ಅಳೆದು ನೋಡಿ 2010ರಲ್ಲಿ ಪ್ರಕಟಿಸಿದರು. 87 ರೋಗಿಗಳ ಗುಳಿಗೆ ಡಬ್ಬಿಯ ಮುಚ್ಚಳದಲ್ಲಿ ಚಿಪ್ ಇಟ್ಟು, ಮುಚ್ಚಳ ತೆರೆದಾಗಲೆಲ್ಲ ದಾಖಲಾಗುವಂತೆ ಮಾಡಿದ್ದರು. ಶೇ 90ಕ್ಕಿಂತ ಜಾಸ್ತಿ ಗುಳಿಗೆ ತಗೊಂಡವರಲ್ಲಿ ಆರು ವರ್ಷದ ಹೊತ್ತಿಗೆ ರೋಗ ಚೆನ್ನಾಗಿ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 94. ಅದಕ್ಕಿಂತ ಕಡಿಮೆ ತಗೊಂಡವರಲ್ಲಿ ಶೇ 28 ಮಾತ್ರ. ಶೇ 90 ಅಂದರೆ ತಿಂಗಳಿಗೆ ಮೂರು ಗುಳಿಗೆ ತಪ್ಪಿದಂತೆ, ಅಷ್ಟೇ. ನಿಮ್ಮಪ್ಪ 30 ಗುಳಿಗೆಯನ್ನು 40 ದಿನ ಎಳೆದರೆ ಶೇ 75. ಈ ಲೆಕ್ಕವನ್ನು ಅವರ ಮುಂದೆ ಕೂತು ಹೇಳಿ.

ಎಳೆಯುವುದು ದುಡ್ಡಿನ ಸಲುವಾಗಿಯೇ? ಮಕ್ಕಳಿಗೆ ಭಾರ ಆಗಬಾರದು ಅಂತ ಎಷ್ಟೋ ಅಪ್ಪಂದಿರು ಸುಮ್ನೆ ಹೀಗೆ ಮಾಡುತ್ತಾರೆ. ಮೆಲ್ಲಗೆ ಕೇಳಿ ನೋಡಿ. ಒಂದು ಕಾಲಕ್ಕೆ ಈ ಗುಳಿಗೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ನಮ್ಮ ದೇಶದ ಕಂಪನಿಗಳ ಗುಳಿಗೆ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ದುಬಾರಿ ಗುಳಿಗೆ ಮಾಡುವ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಕೊಡಲು ಒಪ್ಪಲಿಲ್ಲ. ಹಾಗಾಗಿ ಕಡಿಮೆ ಬೆಲೆಯ ಗುಳಿಗೆ ಉಳಿಯಿತು. ಈಗ ಇದು ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಅದನ್ನು ತಗೊಂಡು ಕಲಬುರಗಿಯ ಕಿದ್ವಾಯಿ ಶಾಖೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಗುಳಿಗೆ ಮುಗಿಯುವ ವಾರದ ಮೊದಲೇ ಹೋಗಿ.

ವಾಂತಿಗೆ ಕಾರಣ ಖಾಲಿ ಹೊಟ್ಟೆ. ದಿನದ ದೊಡ್ಡ ಊಟದ ಜೊತೆಗೆ, ದೊಡ್ಡ ಲೋಟ ತುಂಬ ನೀರು ಕುಡಿದು ನುಂಗಬೇಕು. ರಾತ್ರಿ ರೊಟ್ಟಿ ಊಟದ ಹೊತ್ತು ನಮ್ಮ ಕಡೆಯವರಿಗೆ ಸರಿಹೋಗುತ್ತದೆ. ಆದರೆ ನುಂಗಿದ ಕೂಡಲೇ ಮಲಗಬಾರದು. ಹಾಗೆ ಮಾಡಿದರೆ ಉಪವಾಸದ ಗೊಂದಲವೂ ಇಲ್ಲ. ಸೋಮವಾರ ಸಂಜೆ ಉಪವಾಸ ಬಿಟ್ಟು ಉಂಡಾಗ ತಗೊಂಡರಾಯಿತು. ರೋಜಾ ಇರುವವರು ಕೇಳಿದಾಗಲೂ ನಾನು ಇಫ್ತಾರ್ ಊಟದ ಜೊತೆ ತಗೊಳ್ಳಿ ಎನ್ನುತ್ತೇನೆ. ನಿತ್ರಾಣ ಇದ್ದರೆ ಮಾತ್ರ ಉಪವಾಸವೇ ಬೇಡ. ನುಂಗಿದ ಮೇಲೆ ವಾಂತಿಯಾದರೆ ಮತ್ತೊಂದು ತಗೊಳ್ಳಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ. ನುಂಗಲು ಆಗದಿದ್ದರೆ ಕುಟ್ಟಿ ಪುಡಿ ಮಾಡಬಾರದು. ಒಂದು ಲೋಟ ನೀರಿನಲ್ಲಿ, ಅಂದರೆ ಸುಮಾರು 200 ಮಿ.ಲೀ.ನಲ್ಲಿ, ಹಾಕಿ ಕಲಕಿ ಕರಗಿದ ಕೂಡಲೇ ಕುಡಿಯಬಹುದು. ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಅವರಿಗೆ ಹಚ್ಚಬೇಡಿ.

ಕಣ್ಣ ಸುತ್ತ ಬಾವು, ಕಾಲು ಹಿಡಿಯುವುದು ಈ ಗುಳಿಗೆಯ ಸಾಮಾನ್ಯ ಅಡ್ಡ ಪರಿಣಾಮಗಳೇ. ಎರಡನ್ನೂ ವೈದ್ಯರಿಗೆ ಹೇಳಿ, ಉಪಾಯ ಇದೆ. ಆದರೆ ತೂಕ ಒಂದೇ ವಾರದಲ್ಲಿ ಎರಡು ಕಿಲೋ ಏರಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಮಲ ಕಪ್ಪಾದರೆ, ಕಣ್ಣು ಹಳದಿಯಾದರೆ ಮುಂದಿನ ತಾರೀಕಿಗೆ ಕಾಯದೇ ಅದೇ ದಿನ ಹೋಗಿ.

ಇನ್ನು ಕಷಾಯ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು, ಅಲ್ವಾ? ಆದರೆ ಇಮ್ಯಾಟಿನಿಬ್ಬನ್ನು ಕರಗಿಸಿ ಹೊರಹಾಕುವುದು ಲಿವರ್. ಅದೇ ದಾರಿಯಲ್ಲಿ ಬೇರೆ ಔಷಧಿ ಬಂದರೆ ಲೆಕ್ಕ ತಪ್ಪುತ್ತದೆ. ಕಷಾಯದಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದಾಗ ಬೇಡವೇ ಬೇಡ. ಇದು ನಾಟಿ ಔಷಧಿಗಷ್ಟೇ ಹೇಳಿದ ಮಾತಲ್ಲ. ಯಾದಗಿರಿ ಕಡೆಯ ನನ್ನ ರೋಗಿಯೊಬ್ಬರು ಹುಳುಕಡ್ಡಿಗೆ ಅಂಗಡಿಯಲ್ಲಿ ಕೇಳಿ ಇಟ್ರಾಕೊನಜೋಲ್ ತಗೊಂಡಿದ್ದರು. ಎರಡು ವಾರಕ್ಕೆ ಮುಖವೆಲ್ಲ ಬಾತು, ಊಟ ಸೇರದೆ ಬಂದರು. ಆ ಔಷಧಿ ಇಮ್ಯಾಟಿನಿಬ್ ದೇಹದಲ್ಲಿ ಜಾಸ್ತಿ ಉಳಿಯುವಂತೆ ಮಾಡುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇದರ ಉಲ್ಟಾ. ಅವು ಇಮ್ಯಾಟಿನಿಬ್ಬನ್ನು ಬೇಗ ಹೊರಹಾಕುತ್ತವೆ, ರೋಗ ತಲೆ ಎತ್ತುತ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸಲು ಹೋದರೂ, ಈ ಗುಳಿಗೆಯ ಚೀಟಿ ಕಿಸೆಯಲ್ಲಿರಲಿ. ಗ್ರೇಪ್‌ಫ್ರೂಟ್ ತಿನ್ನಬಾರದು. ಅದರ ಜಾತಿಯ ಚಕ್ಕೋತವನ್ನೂ ಬಿಡುವುದು ಒಳ್ಳೆಯದು.

ಬಿಸಿಲಿನ ಮಾತು ಸರಿಯಾಗಿಯೇ ಕೇಳಿದ್ದೀರಿ. ಗುಳಿಗೆಯನ್ನು 30 ಡಿಗ್ರಿಯೊಳಗೆ ಇಡಬೇಕು, ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ. ಪತ್ರಾಸಿನ ಕೋಣೆ, ಒಲೆ ಮೇಲಿನ ಗೂಡು, ಬೈಕಿನ ಡಿಕ್ಕಿ ಬೇಡ. ಶಹಾಬಾದ್ ಪರ್ಸಿ ಹಾಸಿದ ಒಳಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ, ಪಟ್ಟಿಯಿಂದ ಬಿಡಿಸದೆ ಇಡಿ.

ರಕ್ತದಲ್ಲಿ ರೋಗದ ಗುರುತು ಎಷ್ಟು ಉಳಿದಿದೆ ಎಂದು ತೋರಿಸುವ ಬಿಸಿಆರ್-ಏಬಿಎಲ್ ಟೆಸ್ಟ್ ಮೂರು ತಿಂಗಳಿಗೊಮ್ಮೆ ಮಾಡಿಸುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಗುಳಿಗೆ ಶುರು ಮಾಡಿದ 3 ತಿಂಗಳಿಗೆ ಅದು ಶೇ 10, 6 ತಿಂಗಳಿಗೆ ಶೇ 1, ವರ್ಷಕ್ಕೆ ಶೇ 0.1 ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಹಲವು ವರ್ಷ ಅದಕ್ಕಿಂತಲೂ ತೀರಾ ಕಡಿಮೆ ಇದ್ದ ಕೆಲವರಿಗೆ ವೈದ್ಯರೇ ಗುಳಿಗೆ ನಿಲ್ಲಿಸಿ, ಪದೇ ಪದೇ ಟೆಸ್ಟ್ ಮಾಡಿ ನೋಡುವುದುಂಟು. ಒಂದು ವರ್ಷಕ್ಕೆ ಆ ಮಾತು ಬರುವುದಿಲ್ಲ.

ಮುಂದಿನ ಸಲ ಹೋಗುವ ಮುಂಚೆ ಮನೆಯಲ್ಲಿ ಉಳಿದ ಗುಳಿಗೆಗಳನ್ನು ಎಣಿಸಿ, ಎಷ್ಟು ತಪ್ಪಿವೆ ಎಂದು ಬರೆದುಕೊಂಡು ಹೋಗಿ. ಬಯ್ಯುತ್ತಾರೆಂದು ಮುಚ್ಚಿಡಬೇಡಿ. ಹೇಳದಿದ್ದರೆ, ಈ ಗುಳಿಗೆ ನಾಟುತ್ತಿಲ್ಲ ಎಂದು ತಿಳಿದು ಅಪ್ಪನನ್ನು ಇನ್ನೂ ದುಬಾರಿ, ಇನ್ನೂ ಕಠಿಣ ಔಷಧಿಗೆ ಬದಲಿಸಿಬಿಡಬಹುದು.